ಮೂವತ್ತನೇ ದಿನದ ಫೋನು

ಬೆಂಗಳೂರಿನ ತಲಘಟ್ಟಪುರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತುವವರ ನಡುವೆ ಹೃದ್ರೋಗ ಸಂಶೋಧನೆಯ ಸಹಾಯಕರೊಬ್ಬರು ನಿಂತಿದ್ದರೂ ನಮಗೆ ಗುರುತು ಸಿಗದು. ಸ್ಟೆಂಟ್ ಹಾಕಿದ ಡಾಕ್ಟರ ಹೆಸರು ಮನೆಮಂದಿಗೆಲ್ಲ ಬಾಯಿಪಾಠ; ತಿಂಗಳಾದ ಮೇಲೆ ಫೋನ್ ಮಾಡಿ “ಮಾತ್ರೆ ತಪ್ಪದೆ ತಗೊಳ್ತಿದ್ದೀರಾ ಯಜಮಾನ್ರೇ? ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ?” ಎಂದು ಕೇಳುವವರ ಹೆಸರು ಯಾರಿಗೆ ಗೊತ್ತು?

ಕೇಸ್ ಶೀಟಿನ ಗೀಚಕ್ಷರ ಬಿಡಿಸಿ, ನೋವು ಶುರುವಾದ ಹೊತ್ತನ್ನು ಮಗನಿಂದಲೋ ಸೊಸೆಯಿಂದಲೋ ಕೇಳಿ ತಿಳಿದು ಫಾರಂನಲ್ಲಿ ಬರೆದುಕೊಳ್ಳುವ ಈ ಕಸುಬು ಸಣ್ಣದಲ್ಲ. ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಮುನ್ನಡೆಸಿದ, ಹೃದ್ರೋಗಿಗಳ ಕುರಿತ ‘ಕ್ರಿಯೇಟ್’ ಅಧ್ಯಯನ 2008ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಬಂತು. 50 ನಗರಗಳ 89 ಕೇಂದ್ರಗಳು, 20,000ಕ್ಕೂ ಹೆಚ್ಚು ರೋಗಿಗಳು. ನೋವು ಶುರುವಾದ ಮೇಲೆ ಆಸ್ಪತ್ರೆ ಮುಟ್ಟಲು ಹಿಡಿದ ಅವಧಿಯ ಮಧ್ಯಾಂಕ 360 ನಿಮಿಷ! 30 ದಿನಗಳಲ್ಲಿ ತೀರಿಕೊಂಡವರು ಬಡವರಲ್ಲಿ ಶೇ 8.2, ಉಳ್ಳವರಲ್ಲಿ ಶೇ 5.5. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿದೂಗಿಸಿದರೆ ಈ ಅಂತರವೇ ಮಾಯ. ಅಂದರೆ ಬಡವರ ಗುಂಡಿಗೆ ಬೇರೆಯಲ್ಲ, ಅವರಿಗೆ ಸಿಕ್ಕ ಔಷಧೋಪಚಾರ ಬೇರೆ.

ಇಂಥ ಸತ್ಯ ಹೊರಬರುವುದು ಆ ಫಾರಂಗಳಿಂದಲೇ. ಆಸ್ಪತ್ರೆಯಿಂದ ನಿಮಗೂ ಅಂಥ ಕರೆ ಬಂದರೆ ಸಿಡುಕಬೇಡಿ. ಬಿಟ್ಟ ಮಾತ್ರೆಯನ್ನೂ ಬಿಡದ ಬೀಡಿಯನ್ನೂ ಮುಚ್ಚಿಡದೆ ಹೇಳಿ.