‘ದಿ ಕ್ಯಾನ್ಸರ್ ಜರ್ನಲ್ಸ್’: ಅಶ್ಲೀಲವೂ ಔಚಿತ್ಯವೂ

ನಮ್ಮ ಆಲಂಕಾರಿಕರು ಅಶ್ಲೀಲದೋಷವನ್ನು ವ್ರೀಡೆ, ಜುಗುಪ್ಸೆ, ಅಮಂಗಲಭಾವಗಳನ್ನು ಹುಟ್ಟಿಸುವ ಭೇದದಿಂದ ಮೂರು ಬಗೆಯಾಗಿ ವಿಂಗಡಿಸಿರುವರು. ಅಮೆರಿಕದ ಕವಯಿತ್ರಿ ಆಡ್ರಿ ಲಾರ್ಡ್ 1980ರಲ್ಲಿ ಪ್ರಕಟಿಸಿದ ಈ ಗ್ರಂಥದ ವಸ್ತುವಿನಲ್ಲಿ ಮೂರಕ್ಕೂ ಅವಕಾಶವುಂಟು. 1978ರಲ್ಲಿ ಕ್ಯಾನ್ಸರ್ ಎಂಬ ಅರ್ಬುದರೋಗದ ನಿಮಿತ್ತ ಆಕೆಯ ಬಲಸ್ತನವನ್ನು ಛೇದಿಸಿ ತೆಗೆದರು. ಸಾಂತ್ವನ ಹೇಳಲು ಬಂದ ಸ್ವಯಂಸೇವಕಿಯು ನಸುಗೆಂಪು ಬಣ್ಣದ ಕೃತಕಸ್ತನವನ್ನಿತ್ತು, ಮೊದಲಿನಂತೆಯೇ ಕಾಣಬಹುದೆಂದು ಧೈರ್ಯ ಹೇಳಿದಳು. ಆ ಬಣ್ಣವು ಗ್ರಂಥಕರ್ತ್ರಿಯ ಕಪ್ಪು ಮೈಗೆ ಹೊಂದಲಿಲ್ಲ. ಆಕೆಯ ಚಿಂತೆಯಾದರೋ ಬೇರೆ: ಸ್ತ್ರೀಯನ್ನೇ ಪ್ರೀತಿಸುತ್ತಿದ್ದ ತನಗೆ, ಏಕಸ್ತನವುಳ್ಳ ಈ ದೇಹದಿಂದ ಪ್ರಣಯಸುಖವು ಇನ್ನು ಹೇಗಿದ್ದೀತು?

ಇದನ್ನು ಬಾಯಿಬಿಟ್ಟು ಕೇಳುವುದು ಅಶ್ಲೀಲವೆ? ದೋಷವೂ ಪ್ರಕರಣವಶದಿಂದ ಗುಣವಾಗುವುದುಂಟೆಂದು ಮಮ್ಮಟನೇ ಒಪ್ಪಿರುವನು. ರೋಗಿಯ ಸುಖದುಃಖದ ಪ್ರಕರಣದಲ್ಲಿ ಮೌನವೇ ಅನುಚಿತವೆಂದು ನಮ್ಮ ಅಭಿಪ್ರಾಯ.

ಆದರೂ ಗ್ರಂಥಕ್ಕೆ ಒಂದು ನ್ಯೂನತೆಯುಂಟು. ದೃಷ್ಟಿಯು ಬಹುಮಟ್ಟಿಗೆ ಸ್ತನದ ಗಾಯದ ಸುತ್ತಲೇ ನಿಂತಿರುವುದು. ಗರ್ಭಕಂಠದ ಅರ್ಬುದಕ್ಕೆ ಮಾಡುವ ವಿಕಿರಣಚಿಕಿತ್ಸೆಯಿಂದ ಯೋನಿಮಾರ್ಗವು ಸಂಕುಚಿತವಾಗಬಹುದು. ಸ್ತನಾರ್ಬುದಕ್ಕೆ ಕೊಡುವ ಹಾರ್ಮೋನುಚಿಕಿತ್ಸೆಯಿಂದ ಶುಷ್ಕತೆ, ಸಂಗಮಕಾಲದ ವೇದನೆ, ಇಚ್ಛಾಕ್ಷಯಗಳು ಉಂಟಾಗಬಹುದು. ಇವುಗಳ ಮಾತು ಇಲ್ಲಿ ದೊರೆಯದು. ಸ್ನಿಗ್ಧಲೇಪ, ಮಾರ್ಗವನ್ನು ಮೆಲ್ಲನೆ ಹಿಗ್ಗಿಸುವ ಸಾಧನ, ದಂಪತಿಗಳೊಡನೆ ಆಪ್ತಸಮಾಲೋಚನೆ ಮೊದಲಾದ ಉಪಾಯಗಳು ಇಂದು ಉಂಟು. ಆದರೆ ರೋಗಿಯು ನಾಚಿ ಕೇಳದೆ, ವೈದ್ಯನು ಸಂಕೋಚದಿಂದ ಹೇಳದೆ ಹೋದರೆ, ಅವು ಇದ್ದೂ ಇಲ್ಲದಂತೆಯೇ. ಆದಕಾರಣ ಈ ಗ್ರಂಥವನ್ನು ಸಹೃದಯರಷ್ಟೇ ಅಲ್ಲ, ವೈದ್ಯರೂ ಓದತಕ್ಕದ್ದು.