ಪ್ರಬಲ, ದುರ್ಬಲ, ವಾಹಕ: ಪ್ರೌಢಶಾಲೆಯ ಅನುವಂಶೀಯತೆಯ ಪಾಠದಲ್ಲಿ ಪರಿಭಾಷೆಯ ವಿಚಾರ

ವಿಜ್ಞಾನದ ಪಾಠಪುಸ್ತಕಗಳನ್ನು ಭಾಷಾವಿಮರ್ಶೆಗೆ ಒಳಪಡಿಸುವ ವಾಡಿಕೆ ನಮ್ಮಲ್ಲಿ ಇಲ್ಲವೆಂದೇ ಹೇಳಬೇಕು. ಸಂಗತಿಗಳು ಸರಿಯೊ ತಪ್ಪೊ ಎಂಬುದನ್ನು ವಿಜ್ಞಾನಿಗಳು ನೋಡಿಕೊಳ್ಳುವರು. ವಾಕ್ಯಗಳಲ್ಲಿ ವ್ಯಾಕರಣದೋಷವಿಲ್ಲದಿದ್ದರೆ ತಮ್ಮ ಹೊಣೆ ತೀರಿತೆಂದು ಕನ್ನಡ ಪಂಡಿತರು ಸುಮ್ಮನಿರುವರು. ಹಿಂದೆ ಹೀಗಿರಲಿಲ್ಲ. ೧೯೧೮ರಲ್ಲಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದವರಲ್ಲಿ ಒಬ್ಬರಾದ ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರದ ಅಧ್ಯಾಪಕರು, ಪಂಪಭಾರತದ ಪರಿಷ್ಕರಣದಲ್ಲಿ ದುಡಿದವರೂ ಅವರೇ. ಒಂದು ಪಾಠಾಂತರಕ್ಕಾಗಿ ಓಲೆಗರಿಗಳನ್ನು ತಿರುವಿಹಾಕುವ ಎಚ್ಚರವೂ ಒಂದು ಶಾಸ್ತ್ರಪದವನ್ನು ಟಂಕಿಸುವ ಎಚ್ಚರವೂ ಬೇರೆಬೇರೆಯಲ್ಲವೆಂಬುದು ಅಂಥವರಿಗೆ ತಿಳಿದಿತ್ತು. ಈ ಲೇಖನದಲ್ಲಿ ಹತ್ತನೆಯ ತರಗತಿಯ ಅನುವಂಶೀಯತೆಯ ಪಾಠವನ್ನು, ಮುಖ್ಯವಾಗಿ ಅದನ್ನು ಕನ್ನಡದಲ್ಲಿ ಹೇಳಿಕೊಡುವಾಗ ಬಳಕೆಯಾಗುವ ನಾಲ್ಕಾರು ಪದಗಳನ್ನು, ಆ ಎಚ್ಚರದಿಂದ ನೋಡಲು ಯತ್ನಿಸಿದೆ. ಕರ್ನಾಟಕದ ಈ ಪಠ್ಯವು ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತಿನ ಗ್ರಂಥವನ್ನು ಅನುಸರಿಸಿದುದು. ಆದಕಾರಣ ಸಂಗತಿಗಳ ಆಯ್ಕೆಯ ಗುಣದೋಷಗಳು ಅಲ್ಲಿಯವು, ಪದಗಳ ಗುಣದೋಷಗಳು ನಮ್ಮವು.

ಮೊದಲು ‘ಪ್ರಬಲ’, ‘ದುರ್ಬಲ’ ಎಂಬ ಜೋಡಿಯನ್ನು ತೆಗೆದುಕೊಳ್ಳೋಣ. ಆಗ ಬ್ರೂನ್ ಎನಿಸಿಕೊಂಡಿದ್ದು ಇಂದು ಚೆಕ್ ದೇಶಕ್ಕೆ ಸೇರಿರುವ ನಗರದ ಮಠವೊಂದರಲ್ಲಿದ್ದ ಗ್ರೆಗೊರ್ ಮೆಂಡೆಲನು ತನ್ನ ಬಟಾಣಿಗಿಡದ ಪ್ರಯೋಗಗಳನ್ನು ೧೮೬೫ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳ ಎರಡು ಸಭೆಗಳಲ್ಲಿ ಓದಿ, ಮರುವರ್ಷ ಅಚ್ಚು ಮಾಡಿಸಿದನು. ಗುಂಡಗಿನ ಬೀಜದ ತಳಿಯನ್ನೂ ಸುಕ್ಕುಬೀಜದ ತಳಿಯನ್ನೂ ಕೂಡಿಸಿದಾಗ ಮೊದಲ ಪೀಳಿಗೆಯ ಬೀಜಗಳೆಲ್ಲವೂ ಗುಂಡಗೆ ಬಂದವು. ಆ ಪೀಳಿಗೆಯು ತನ್ನಲ್ಲಿ ತಾನೇ ಫಲಿಸಿದಾಗ ೫೪೭೪ ಗುಂಡುಬೀಜಗಳೂ ೧೮೫೦ ಸುಕ್ಕುಬೀಜಗಳೂ ದೊರೆತವು. ಒಂದು ತಲೆಮಾರು ಕಾಣದೆ ಹೋದ ಸುಕ್ಕು, ಮೂರಕ್ಕೆ ಒಂದರಂತೆ, ಏನೂ ಕುಂದದೆ ಮರಳಿ ಬಂದಿತು. ಇದು ಎಲ್ಲ ಅಧ್ಯಾಪಕರೂ ಬಲ್ಲ ಕಥೆ. ಅಷ್ಟಾಗಿ ಯಾರೂ ಗಮನಿಸದೆ ಇರುವ ವಿಷಯವೆಂದರೆ, ಮೆಂಡೆಲನು ತಾನು ಆರಿಸಿಕೊಂಡ ಪದಕ್ಕೆ ಕಾರಣವನ್ನೂ ಕೊಟ್ಟಿರುವನೆಂಬುದು. ಮಿಶ್ರತಳಿಯಲ್ಲಿ ಹಿಂದೆ ಸರಿದು ಅಥವಾ ಪೂರ್ತಿಯಾಗಿ ಮರೆಯಾಗಿ, ಅದರ ಸಂತತಿಯಲ್ಲಿ ಮತ್ತೆ ಯಾವ ಮಾರ್ಪಾಡೂ ಇಲ್ಲದೆ ತಲೆದೋರುವ ಗುಣವಾದುದರಿಂದ ಅದಕ್ಕೆ ‘ಹಿಂಜರಿಯುವುದು’ ಎಂಬರ್ಥದ ಲ್ಯಾಟಿನ್ ಮೂಲದ ಹೆಸರನ್ನಿಟ್ಟೆನೆಂದು ಅವನು ವಿವರಿಸುವನು. ಅದರಲ್ಲಿ ಬಲಾಬಲದ ಮಾತೇ ಇಲ್ಲ. ಕಾಣುವುದು, ಕಾಣದಿರುವುದು, ಮರಳಿ ಕಾಣುವುದು, ಇಷ್ಟೇ.

‘ದುರ್ಬಲ’ ಎಂದೊಡನೆ ಹದಿನೈದು ವರ್ಷದ ಹುಡುಗನ ಮನಸ್ಸಿನಲ್ಲಿ ಮೂಡುವುದು ಬೇರೆಯೇ ಚಿತ್ರ. ಬಲವಿಲ್ಲದ್ದು, ರೋಗಿಷ್ಠವಾದುದು, ಸೋತದ್ದು, ಕ್ರಮೇಣ ಅಳಿಯತಕ್ಕದ್ದು ಎಂದು ಅವನು ಗ್ರಹಿಸುವನು. ‘ಪ್ರಬಲ’ವೆಂದರೆ ಗೆದ್ದು ಹಬ್ಬತಕ್ಕದ್ದು. ಈ ಭ್ರಮೆಯು ಹುಡುಗರಿಗೆ ಮಾತ್ರ ಮೀಸಲಲ್ಲ. ಮೆಂಡೆಲನ ನಿಯಮಗಳು ೧೯೦೦ರಲ್ಲಿ ಮತ್ತೆ ಬೆಳಕಿಗೆ ಬಂದ ಹೊಸದರಲ್ಲಿ ಇಂಗ್ಲೆಂಡಿನ ವಿದ್ವಾಂಸರ ನಡುವೆಯೂ ಇದೇ ಸಂದೇಹ ಎದ್ದಿತ್ತು: ಗಿಡ್ಡಬೆರಳು ಮೇಲ್ತೋರುವ ಗುಣವಾಗಿದ್ದರೆ ಕಾಲಕ್ರಮದಲ್ಲಿ ಮೂರುಪಾಲು ಜನ ಗಿಡ್ಡಬೆರಳಿನವರೇ ಆಗಬೇಕಲ್ಲವೆ? ಅದಕ್ಕೆ ೧೯೦೮ರಲ್ಲಿ ಒಂದು ಪುಟ್ಟ ಪತ್ರದ ಮೂಲಕ ಉತ್ತರ ಕೊಟ್ಟವನು ಗಣಿತಜ್ಞ ಹಾರ್ಡಿ. ಮುಂದೆ ರಾಮಾನುಜನ್ನರನ್ನು ಕೇಂಬ್ರಿಜ್ಜಿಗೆ ಕರೆಸಿಕೊಂಡ ಹಾರ್ಡಿಯೇ ಈತ. ಬೇರೆ ಕಾರಣವಿಲ್ಲದಿದ್ದರೆ ಯಾವ ಗುಣದ ಪ್ರಮಾಣವೂ ತಲೆಮಾರಿನಿಂದ ತಲೆಮಾರಿಗೆ ಏರದು, ಇಳಿಯದು ಎಂದು ಅವನು ಸರಳವಾದ ಗುಣಾಕಾರದಿಂದ ತೋರಿಸಿಕೊಟ್ಟನು; ಜರ್ಮನಿಯ ವೈನ್‌ಬರ್ಗನೂ ಅದೇ ವರ್ಷ ಅದನ್ನು ಕಂಡುಕೊಂಡನು. ಅಷ್ಟು ದೂರ ಹೋಗಬೇಕಾದುದೂ ಇಲ್ಲ. ನಮ್ಮ ಜನರಲ್ಲಿ ಅತಿ ಸಾಮಾನ್ಯವಾಗಿ ಕಾಣುವ ‘ಓ’ ರಕ್ತಗುಂಪು ಪಾಠದ ಭಾಷೆಯಲ್ಲಿ ದುರ್ಬಲ. ಎಲ್ಲೋ ಒಬ್ಬರಲ್ಲಿ ಕಾಣುವ, ಬಾಳಿನ ನಡುವೆ ಮಿದುಳನ್ನು ಕೆಡಿಸುವ ಹಂಟಿಂಗ್ಟನ್ ರೋಗವು ಪ್ರಬಲ. ಹೆಸರಿಗೂ ವಸ್ತುಸ್ಥಿತಿಗೂ ಇಷ್ಟು ವಿರೋಧವಿರುವಾಗ ಹೆಸರನ್ನೇ ಶಂಕಿಸುವುದು ನ್ಯಾಯ.

ಬಟಾಣಿಯ ಸುಕ್ಕಿಗೆ ಕಾರಣವೇನೆಂಬುದು ೧೯೯೦ರಲ್ಲಿ ಗೊತ್ತಾಯಿತು. ಪಿಷ್ಟದ ಅಣುಗಳಿಗೆ ಕವಲೊಡೆಸುವ ಒಂದು ಕಿಣ್ವದ ಜೀನಿನೊಳಗೆ ಅನ್ಯವಾದ ಒಂದು ತುಂಡು ಹೊಕ್ಕು ಕುಳಿತು, ಆ ಪ್ರತಿಯ ಕೆಲಸವನ್ನು ಕೆಡಿಸಿರುವುದು. ಪಿಷ್ಟ ಕಡಮೆಯಾಗಿ ಸಕ್ಕರೆ ಉಳಿದರೆ ಎಳೆಯ ಬೀಜ ಹೆಚ್ಚು ನೀರು ಹೀರಿ ಉಬ್ಬುವುದು, ಒಣಗುವಾಗ ಸುಕ್ಕುಗಟ್ಟುವುದು. ಎರಡರಲ್ಲಿ ಒಂದು ಪ್ರತಿ ಸರಿಯಾಗಿದ್ದರೂ ಬೀಜ ಗುಂಡಗಾಗುವಷ್ಟು ಕೆಲಸ ನಡೆದುಹೋಗುವುದು. ಇಲ್ಲಿ ಒಂದು ಪ್ರತಿ ಮತ್ತೊಂದನ್ನು ತುಳಿದುದೂ ಇಲ್ಲ, ಜಯಿಸಿದುದೂ ಇಲ್ಲ. ಅಷ್ಟೇ ಏಕೆ, ಅದೇ ಮಿಶ್ರತಳಿಯ ಬೀಜದ ಪಿಷ್ಟಕಣಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಅವು ಎರಡು ತಳಿಗಳಿಗೂ ನಡುವಣ ರೂಪದವು. ಬರಿಗಣ್ಣಿಗೆ ಪ್ರಬಲವಾದುದು ಮಸೂರಕ್ಕೆ ಪ್ರಬಲವಲ್ಲ! ನಮ್ಮ ಪಠ್ಯದಲ್ಲಿ ಇದಕ್ಕೆ ಸಮೀಪವಾದ ಒಂದು ಭಾಗವಿದೆ. ಗಿಡದ ಎತ್ತರವು ಒಂದು ಚೋದಕದ ಪ್ರಮಾಣವನ್ನೂ, ಆ ಪ್ರಮಾಣವು ಒಂದು ಕಿಣ್ವದ ದಕ್ಷತೆಯನ್ನೂ ಅವಲಂಬಿಸಿರುವುದೆಂದು ಅಲ್ಲಿ ಹೇಳಿದೆ. ಆ ಪಾಠದಲ್ಲಿ ನಮಗೆ ಅತ್ಯಂತ ಮೆಚ್ಚಿಕೆಯಾದುದು ಇದೇ. ಆದರೆ ವಿದ್ಯಾರ್ಥಿಯು ಇದನ್ನು ಮುಟ್ಟುವ ವೇಳೆಗೆ ಪ್ರಬಲ–ದುರ್ಬಲಗಳ ಕಾಳಗ ಅವನ ತಲೆಯಲ್ಲಿ ಮುಗಿದುಹೋಗಿರುವುದು. ಮೂರಕ್ಕೊಂದರ ಲೆಕ್ಕ ಪರೀಕ್ಷೆಗೆ ಬರುವುದು, ಕಿಣ್ವದ ಮಾತು ಬಾರದು.

ಬದಲಿಗೆ ಏನೆನ್ನಬೇಕು? ‘ಮೆರೆಯುವ ಗುಣ’, ‘ಮರೆಯಾಗುವ ಗುಣ’ ಎಂದರೆ ಮೆಂಡೆಲನ ಅಭಿಪ್ರಾಯಕ್ಕೆ ಹತ್ತಿರವಾಗುವುದು. ಎರಡೂ ಕಿವಿಗೆ ಒಂದೇ ಬಗೆಯಾಗಿ ಕೇಳುವುವೆಂಬ ಆಕ್ಷೇಪಣೆ ನಿಜವಾದುದೇ. ಉಕ್ತಲೇಖನ ಕೊಡುವ ಉಪಾಧ್ಯಾಯರಿಗೆ ಅದು ಪೀಡೆ. ಹಾಗಾದರೆ ‘ತೋರುಗುಣ’, ‘ಅಡಗುಗುಣ’ ಎನ್ನಬಹುದು. ಅರಿಸಮಾಸವೆಂದು ಹುಬ್ಬು ಗಂಟಿಕ್ಕುವವರಿಗೆ ‘ತೋರುವ ಗುಣ’, ‘ಅಡಗುವ ಗುಣ’ ಎಂಬ ಗಮಕಸಮಾಸಗಳನ್ನು ಒಪ್ಪಿಸೋಣ. ಕೆಲವರು ಬರೆಯುವ ‘ಸುಪ್ತ’ವೆಂಬುದು ದುರ್ಬಲಕ್ಕಿಂತ ಎಷ್ಟೋ ಲೇಸು.

‘ವಂಶವಾಹಿ’ ಎಂಬ ಪದದ ಮೇಲೆ ನಮಗೆ ಇನ್ನೊಂದು ದೂರುಂಟು. ಕನ್ನಡದಲ್ಲಿ ವಂಶವೆಂದರೆ ತಂದೆಯಿಂದ ಮಗನಿಗೆ ಇಳಿಯುವ ಸಾಲು. ವಂಶ ಬೆಳಗುವವನು, ವಂಶೋದ್ಧಾರಕ ಎಂಬ ಮಾತುಗಳನ್ನು ಹೆಣ್ಣಿಗೆ ಹೇಳುವ ರೂಢಿಯಿಲ್ಲ. ಜೀನುಗಳಾದರೋ ಹಾಗಲ್ಲ. ಇಪ್ಪತ್ತಮೂರು ವರ್ಣತಂತುಗಳು ತಾಯಿಯಿಂದ, ಇಪ್ಪತ್ತಮೂರು ತಂದೆಯಿಂದ. ಅದರ ಮೇಲೆ ಮೈಟೊಕಾಂಡ್ರಿಯಗಳಲ್ಲಿರುವ ಅಲ್ಪಸ್ವಲ್ಪ ಆಸ್ತಿಯು ತಾಯಿಯಿಂದಲೇ ಬರತಕ್ಕದ್ದು. ಲೆಕ್ಕಕ್ಕೆ ನಿಂತರೆ ತಾಯಿಯ ಕಡೆಯ ತೂಕವೇ ಒಂದಿಷ್ಟು ಹೆಚ್ಚು. ರಾಗಿಗೂ ಹಸುವಿಗೂ ರೈತನು ಬಳಸುವ ‘ತಳಿ’ಯೆಂಬ ಅಚ್ಚಗನ್ನಡ ಪದದಲ್ಲಿ ಈ ಪಕ್ಷಪಾತವಿಲ್ಲ. ‘ತಳಿಶಾಸ್ತ್ರ’ವೆಂದು ಹೆಸರಿಟ್ಟವರು ಬಲ್ಲವರು, ವಂಶವಾಹಿಗಿಂತ ಬರಿಯ ‘ಜೀನು’ ಮೇಲು.

ಇದಕ್ಕೆ ಸೇರಿದುದೇ ಗಂಡುಹೆಣ್ಣಿನ ಪ್ರಶ್ನೆ. ತಾಯಿಯಿಂದ ಬರುವುದು ಯಾವಾಗಲೂ ‘ಎಕ್ಸ್’ ವರ್ಣತಂತು. ತಂದೆಯಿಂದ ‘ಎಕ್ಸ್’ ಬಂದರೆ ಹೆಣ್ಣು, ‘ವೈ’ ಬಂದರೆ ಗಂಡು. ಮೂಲಗ್ರಂಥವು ತಂದೆಯಿಂದ ಏನು ಬರುವುದೋ ಅದರಿಂದ ಲಿಂಗವು ನಿರ್ಧಾರವಾಗುವುದೆಂದು ಎಚ್ಚರಿಕೆಯಿಂದ ಹೇಳಿದೆ. ತರಗತಿಯಲ್ಲಿ ಅದು ‘ಮಗುವಿನ ಲಿಂಗವನ್ನು ನಿರ್ಧರಿಸುವವನು ತಂದೆ’ ಎಂದು ಮೊಟಕಾಗುವುದು. ಹೆಣ್ಣುಮಕ್ಕಳನ್ನು ಹೆತ್ತಳೆಂದು ಸೊಸೆಯನ್ನು ಹಳಿಯುವ ಮನೆಗಳಿರುವಲ್ಲಿ ಈ ವಾಕ್ಯಕ್ಕೆ ಒಂದು ಉಪಕಾರವುಂಟು, ಅದನ್ನು ಅಲ್ಲಗಳೆಯಲಾಗದು. ಆದರೂ ವ್ಯಾಕರಣದಲ್ಲಿ ಕರ್ತೃವೆಂದರೆ ಕ್ರಿಯೆಯಲ್ಲಿ ಸ್ವತಂತ್ರನಾದವನು. ಕೋಟ್ಯಂತರ ವೀರ್ಯಾಣುಗಳಲ್ಲಿ ಯಾವುದು ಸೇರುವುದೆಂಬುದರಲ್ಲಿ ತಂದೆಗೆ ಯಾವ ಸ್ವಾತಂತ್ರ್ಯವಿದೆ? ಹಳಿಯುವ ವಾಕ್ಯದ ಕರ್ತೃಪದವನ್ನು ಬದಲಾಯಿಸಿದರೆ ಸಾಲದು. ಹಳಿಯುವುದೇ ಅಸಂಗತವೆಂದು ತೋರಿಸಬೇಕು. ‘ನಿರ್ಧಾರವಾಗುವುದು’ ಎಂಬ ಅಕರ್ಮಕರೂಪ ನಮ್ಮ ಭಾಷೆಯಲ್ಲಿ ಸಹಜವಾಗಿಯೇ ಇರುವಾಗ ಅದನ್ನು ಬಿಡುವುದೇಕೆ?

ಕಿವಿಯ ಕೆಳತುದಿ ಕೆನ್ನೆಗೆ ಅಂಟಿದೆಯೊ, ಬಿಡಿಯಾಗಿದೆಯೊ ಎಂದು ಸಹಪಾಠಿಗಳನ್ನು ನೋಡಿ ಪಟ್ಟಿಮಾಡಿ, ತಾಯ್ತಂದೆಗಳೊಡನೆ ಹೋಲಿಸಿ ಒಂದು ನಿಯಮವನ್ನು ಊಹಿಸಿರೆಂಬ ಚಟುವಟಿಕೆ ಪಠ್ಯದಲ್ಲಿದೆ. ಮಕ್ಕಳು ಉತ್ಸಾಹದಿಂದ ಮಾಡುವರು. ಆದರೆ ಕಿವಿಯ ಆ ಆಕಾರ ಒಂದೇ ಜೀನಿನ ಆಟವಲ್ಲ, ಅನೇಕ ಜೀನುಗಳ ಕೂಟವೆಂದು ಈಗ ತಿಳಿದಿದೆ. ನಾಲಗೆ ಸುರುಳಿಸುವ ಉದಾಹರಣೆಯೂ ಇಂಥದೇ. ೧೯೪೦ರಲ್ಲಿ ಅದನ್ನು ಮಂಡಿಸಿದ ಸ್ಟರ್ಟೆವಾಂಟನೇ, ಅದು ಇನ್ನೂ ಗ್ರಂಥಗಳಲ್ಲಿ ಉಳಿದಿರುವುದಕ್ಕೆ ೧೯೬೫ರಲ್ಲಿ ನಾಚಿಕೆಪಟ್ಟನು. ತಂದೆಗಿಲ್ಲದ ಕಿವಿಯು ಮಗನಿಗಿದೆಯೆಂದು ಲೆಕ್ಕ ತಪ್ಪಿದಾಗ ಮನೆಯಲ್ಲಿ ಏಳಬಹುದಾದ ಸಂದೇಹವನ್ನು ಉಪಾಧ್ಯಾಯರು ಮುಂಗಾಣಬೇಕಾಗಿದೆ.

ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಬಂಧುವಾಚಕಗಳಲ್ಲಿಯೇ ಇದೆ. ದೊಡ್ಡಪ್ಪನ ಮಗಳು ಅಕ್ಕ ಅಥವಾ ತಂಗಿ. ಸೋದರಮಾವನ ಮಗಳು ವರಸೆಯಾದವಳು. ಭಾಷೆ ಇವರಿಬ್ಬರನ್ನು ಇಷ್ಟು ದೂರವಿರಿಸಿದರೂ ಜೀನುಗಳ ಲೆಕ್ಕದಲ್ಲಿ ಇಬ್ಬರೂ ಸಮದೂರದವರು. ವರಸೆಯವಳನ್ನು ವರಿಸಿದವನ ಮಗುವಿನಲ್ಲಿ ಯಾವುದೇ ಜೀನಿನ ಎರಡು ಪ್ರತಿಗಳೂ ಒಬ್ಬ ಪೂರ್ವಿಕರಿಂದಲೇ ಬಂದಿರುವ ಸಂಭವ ೧೬ರಲ್ಲಿ ೧. ಅಕ್ಕನ ಮಗಳನ್ನು ವರಿಸಿದರೆ ೮ರಲ್ಲಿ ೧. ಅಡಗಿದ್ದ ಗುಣವು ತನ್ನ ಜೊತೆಯನ್ನು ಸಂಧಿಸುವುದು ಹೀಗೆ. ‘ದುರ್ಬಲ’ವಾದುದು ಇಂಥ ಮದುವೆಯಲ್ಲಿ ಏಕೆ ತಲೆಯೆತ್ತಬೇಕೆಂಬುದಕ್ಕೆ ಆ ಪದದಿಂದ ಉತ್ತರ ಹೊರಡದು, ‘ಅಡಗಿದುದು’ ಎಂದರೆ ಒಡನೆಯೇ ಹೊರಡುವುದು. ಇಂಥ ಸಂಬಂಧಗಳಲ್ಲಿ ಹುಟ್ಟಿದವರಲ್ಲಿ ಹೆಚ್ಚು ಮಂದಿ ಆರೋಗ್ಯವಂತರೇ ಆಗಿರುವರೆಂದೂ, ಅಂಥವರು ಎದುರಿನ ಬೆಂಚಿನ ಮೇಲೆಯೇ ಕುಳಿತಿರಬಹುದೆಂದೂ ನೆನೆದು ಮಾತನಾಡಬೇಕು.

ಕಡೆಯದಾಗಿ ‘ವಾಹಕ’. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಕಾಡಂಚಿನ ಹಾಡಿಗಳಲ್ಲಿ ಕುಡುಗೋಲುಕಣದ ರಕ್ತರೋಗ, ಜನರ ಬಾಯಲ್ಲಿ ‘ಸಿಕಲ್ ಸೆಲ್’, ಉಂಟು. ಪಕ್ಕದ ನೀಲಗಿರಿಯ ಗಿರಿಜನರಲ್ಲಿ ಅದರ ಇರುವಿಕೆ ೧೯೫೨ರಲ್ಲಿಯೇ ವರದಿಯಾಗಿತ್ತು. ೨೦೨೩ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮದಲ್ಲಿ ಕರ್ನಾಟಕವೂ ಸೇರಿದೆ; ರಕ್ತವನ್ನು ಪರೀಕ್ಷಿಸಿ ಒಬ್ಬೊಬ್ಬರಿಗೂ ಫಲಿತಾಂಶದ ಕಾರ್ಡು ಕೊಡುವುದು ಅದರ ಒಂದಂಗ. ಕೆಟ್ಟ ಪ್ರತಿ ಒಂದೇ ಇದ್ದು, ತಾನು ರೋಗಿಯಲ್ಲದ ಹುಡುಗಿಯನ್ನು ನಾವು ಕನ್ನಡದಲ್ಲಿ ‘ವಾಹಕಿ’ ಎನ್ನುವೆವು. ಅದೇ ಹುಡುಗಿಯು ಆರೋಗ್ಯದ ಪಾಠದಲ್ಲಿ ಮಲೇರಿಯ ಹರಡುವ ಸೊಳ್ಳೆಯನ್ನು ‘ರೋಗವಾಹಕ’ವೆಂದು ಓದಿರುವಳು, ಶಾಲೆಯ ಗೋಡೆಯ ಮೇಲೆಯೂ ಹಾಗೆಯೇ ಬರೆದಿರುವುದು. ತಾನೂ ಅಂಥವಳೇ, ತನ್ನಿಂದ ಪಕ್ಕದವಳಿಗೆ ಅಂಟುವುದೆಂದು ಅವಳು ತಿಳಿದರೆ ತಪ್ಪು ಅವಳದಲ್ಲ. ಇದರಲ್ಲಿ ಒಂದು ಕ್ರೂರವಾದ ವಿಪರ್ಯಾಸವುಂಟು. ಆ ಪ್ರತಿಯು ಒಂದೇ ಇರುವವರಿಗೆ ಘೋರ ಮಲೇರಿಯದಿಂದ ರಕ್ಷಣೆ ದೊರೆಯುವುದೆಂದು ಅಲಿಸನ್ ೧೯೫೪ರಲ್ಲಿ ತೋರಿಸಿದನು. ಮಲೇರಿಯದ ನಾಡುಗಳಲ್ಲಿ ಅದು ಉಳಿದುಬಂದುದಕ್ಕೆ ಅದೇ ಕಾರಣ. ಸೊಳ್ಳೆಯನ್ನು ಎದುರಿಸಿ ಬದುಕಿದ ಪೂರ್ವಿಕರ ಗುರುತನ್ನು ಹೊತ್ತವಳಿಗೆ ಸೊಳ್ಳೆಯ ಬಿರುದನ್ನೇ ಕೊಟ್ಟಂತಾಯಿತು! ಈ ಜೀನನ್ನು ಪ್ರಬಲವೆನ್ನಬೇಕೆ, ದುರ್ಬಲವೆನ್ನಬೇಕೆ? ರೋಗವನ್ನು ನೋಡಿದರೆ ಅಡಗಿದುದು, ಮಲೇರಿಯವನ್ನು ನೋಡಿದರೆ ತೋರಿದುದು, ರಕ್ತದೊಳಗಿನ ಹಿಮೊಗ್ಲೋಬಿನ್ನನ್ನೇ ಬೇರ್ಪಡಿಸಿ ನೋಡಿದರೆ ಎರಡು ಬಗೆಯೂ ಜೊತೆಜೊತೆಯಾಗಿ ಇರುವುವು.

ಇಬ್ಬರೂ ಇಂಥವರಾಗಿ ಮದುವೆಯಾದರೆ ‘ನಾಲ್ಕು ಮಕ್ಕಳಲ್ಲಿ ಒಂದಕ್ಕೆ ರೋಗ’ ಎಂದು ಬರೆಯುವುದೂ ಅಪಾಯಕರ. ಮೊದಲ ಮಗು ರೋಗಿಯಾದರೆ ಮುಂದಿನ ಮೂರೂ ಕ್ಷೇಮವೆಂದು ತಾಯ್ತಂದೆಗಳು ಎಣಿಸುವರು. ಮೆಂಡೆಲನಿಗೆ ಮೂರಕ್ಕೊಂದು ದೊರೆತದ್ದು ಏಳು ಸಾವಿರಕ್ಕೂ ಮಿಕ್ಕ ಬೀಜಗಳನ್ನು ಎಣಿಸಿದಾಗ. ನಾಲ್ಕೇ ಬೀಜಗಳಿರುವ ಕಾಯಿಯೊಂದರಲ್ಲಿ ನಾಲ್ಕೂ ಗುಂಡಗಿರಬಹುದು, ಎರಡು ಸುಕ್ಕಾಗಿರಬಹುದು. ‘ಪ್ರತಿಯೊಂದು ಬಸಿರಿನಲ್ಲಿಯೂ ನಾಲ್ಕರಲ್ಲೊಂದು ಪಾಲು ಸಂಭವ’ ಎಂದರೆ ಕನ್ನಡಕ್ಕೂ ಕುಂದಿಲ್ಲ, ಗಣಿತಕ್ಕೂ ಕುಂದಿಲ್ಲ. ‘ವಾಹಕಿ’ಗೆ ಬದಲಾಗಿ ‘ಒಂದು ಪ್ರತಿಯುಳ್ಳವಳು’ ಎಂಬುದನ್ನು ಸದ್ಯಕ್ಕೆ ಸೂಚಿಸಬಹುದು, ಉದ್ದವಾಯಿತೆಂದರೆ ಆಗಲಿ. ಜೇನುಕುರುಬರೂ ಸೋಲಿಗರೂ ತಮ್ಮ ಮಾತಿನಲ್ಲಿ ಇದನ್ನು ಏನೆಂದು ಕರೆಯಲು ಇಷ್ಟಪಡುವರೆಂಬುದನ್ನು ಪರಿಭಾಷಾಕೋಶಗಳನ್ನು ರಚಿಸುವವರು ಹಾಡಿಗಳಿಗೇ ಹೋಗಿ ಕೇಳಿ ಬರಬೇಕಾಗಿದೆ.