ಕಥೆಯ ಮರೆವು, ಪೆಟ್ಟಿನ ಮರೆವು

ತಲೆಗೆ ಪೆಟ್ಟು ಬಿದ್ದು ಹಿಂದಿನದನ್ನೆಲ್ಲ ಮರೆಯುವ ನಾಯಕನು ನಮ್ಮ ಕಥೆಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಬಹುಕಾಲದಿಂದ ಬೀಡುಬಿಟ್ಟಿದ್ದಾನೆ. ಹೆಸರು, ತಾಯಿ, ಊರು ಒಂದನ್ನೂ ಅರಿಯನು. ಇನ್ನೊಂದು ಪೆಟ್ಟು ಬಿದ್ದೊಡನೆ ಸರ್ವವೂ ಮರಳುವುದು. ಕಥೆಗಾರನಿಗೆ ಸುಲಭೋಪಾಯ. ಇದರಿಂದ ಹಾನಿಯೂ ಉಂಟೆಂಬುದನ್ನು ನಾವು ತಡವಾಗಿ ಅರಿತೆವು.

ಮರೆವನ್ನು ಕಥೆಗೆ ತರುವುದು ಹೊಸದಲ್ಲ. ಮಹಾಭಾರತದ ದುಷ್ಯಂತನು ಮರೆತವನಲ್ಲ. ನೆನಪಿದ್ದೂ ಶಕುಂತಲೆಯನ್ನು ಸಭೆಯಲ್ಲಿ ಅರಿಯೆನೆಂದನು. ಕಾಳಿದಾಸನು ಶಾಪವನ್ನೂ ಉಂಗುರವನ್ನೂ ತಂದು ರಾಜನನ್ನು ಆ ಅಪವಾದದಿಂದ ಪಾರುಮಾಡಿದನು. ಬಸವಪ್ಪ ಶಾಸ್ತ್ರಿಗಳ ಕನ್ನಡದಲ್ಲಿ ಶಾಕುಂತಲವನ್ನು ಓದಿದವರಾರೂ ಅದನ್ನು ವೈದ್ಯಶಾಸ್ತ್ರವೆಂದು ಭ್ರಮಿಸರು. ಅಲ್ಲಿ ಶಾಪವು ಶಾಪವೇ. ಇಂದಿನ ಕಥೆಯಾದರೋ ಶಾಪದ ಸ್ಥಾನದಲ್ಲಿ ಪೆಟ್ಟನ್ನಿಟ್ಟು, ಲೋಕದಲ್ಲಿ ನಡೆಯುವುದೇ ಹೀಗೆಂದು ನಂಬಿಸುತ್ತದೆ.

1983ರ ಹಿಂದಿ ಚಿತ್ರ ‘ಸದ್ಮಾ’ವನ್ನೇ ನೋಡಿರಿ. ಶ್ರೀದೇವಿಯವರ ಅಭಿನಯವನ್ನು ನಾವೂ ಕಣ್ಣೊರಸಿಕೊಂಡೇ ನೋಡಿದೆವು. ಅಪಘಾತದಿಂದ ಮಗುವಿನಂತಾದ ತರುಣಿ ಗುಣಹೊಂದಿದೊಡನೆ, ತನ್ನನ್ನು ಸಲಹಿದವನನ್ನು ಸಂಪೂರ್ಣ ಮರೆಯುತ್ತಾಳೆ. ಹಳೆಯದು ಮರಳಿದರೆ ನಡುವಣದು ಅಳಿಯಬೇಕೆಂಬ ನಿಯಮವು ಚಿತ್ರದ್ದು, ಮೆದುಳಿನದಲ್ಲ.

ಫ್ರಾನ್ಸಿನ ರಿಬೋ ಎಂಬ ಪಂಡಿತನು 1881ರಲ್ಲಿಯೇ ತಿಳಿಸಿದಂತೆ, ಹಳೆಯ ನೆನಪು ಗಟ್ಟಿ, ಹೊಸದು ಹಸಿ. ಬಲವಾದ ಪೆಟ್ಟಿಗೆ ವರುಷಗಳೂ ಮಸುಕಾದಾವು; ಆದರೆ ಸಾಮಾನ್ಯವಾಗಿ ಅಳಿಯುವುದು ಪೆಟ್ಟಿಗೆ ತುಸು ಮುಂಚಿನ, ಇನ್ನೂ ಬೇರೂರದ ಗಳಿಗೆಗಳು. ಮೊದಲು ವಿಸ್ತಾರವಾಗಿ ತೋರಿದ ಮರೆವು ದಿನ ಕಳೆದಂತೆ ಕುಗ್ಗುತ್ತದೆ, ಹಳೆಯವು ಮುಂಚಿತವಾಗಿ ಮರಳುತ್ತವೆ. ಕೊನೆಯ ಕೆಲವು ನಿಮಿಷಗಳು ಮಾತ್ರ ಅನೇಕರಿಗೆ ಎಂದೂ ಮರಳವು. ಎರಡನೆಯ ಪೆಟ್ಟು ಔಷಧವಲ್ಲ, ಅಪಾಯ.

ನಮ್ಮ ಶಾಲೆಯ ಬಾಲಕನೊಬ್ಬನ ಅಣ್ಣನು ಉಮರ್ಗಾದ ಹೆದ್ದಾರಿಯಲ್ಲಿ ಮೋಟಾರ್ ಸೈಕಲಿನಿಂದ ಬಿದ್ದನು. ಎಚ್ಚರವಾದ ಮೇಲೆ ತಾಯಿಯನ್ನು ಗುರುತಿಸಿದನು, ತೊಗರಿ ಮಾರಿದ ಲೆಕ್ಕ ಹೇಳಿದನು. ಬಿದ್ದುದು ಹೇಗೆಂದು ಮಾತ್ರ ಅರಿಯೆನೆಂದನು. “ಎಲ್ಲಾ ನೆನಪದ, ಅದೊಂದೇ ಇಲ್ಲೇನು?” ಎಂದು ಊರವರು ನಕ್ಕರು. ತಪ್ಪನ್ನು ಮುಚ್ಚಿಡುತ್ತಾನೆಂದರು. ಮರೆತರೆ ಚಿತ್ರದ ನಾಯಕನಂತೆ ಪೂರ್ತಿ ಮರೆಯಬೇಕು, ಇಲ್ಲವಾದರೆ ಅವನು ಸುಳ್ಳುಗಾರನೇ! “ಸರ್, ನಮ್ಮಣ್ಣ ಸುಳ್ಳ ಹೇಳಂಗಿಲ್ರಿ” ಎಂದು ಬಾಲಕನು ನಮ್ಮೆದುರು ನಿಂತಾಗ, ನಾವು ಹಾಜರಿ ಪುಸ್ತಕದಿಂದ ತಲೆಯೆತ್ತಲಿಲ್ಲ. ನಾವೂ ಊರವರಂತೆಯೇ ಬಗೆದಿದ್ದೆವು.

ತಾಯಿ, ಊರು, ನುಡಿ ಎಲ್ಲ ಉಳಿದು, ಒಂದು ಗಳಿಗೆ ಮಾತ್ರ ಇಲ್ಲವಾದವನ ಕಥೆಯನ್ನು ನಾವು ಇನ್ನೂ ಓದಿಲ್ಲ. ಆ ಬಾಲಕನಿಗೆ ಓದಲು ಕೊಡುವುದಕ್ಕಾಗಿ ಹುಡುಕುತ್ತಿದ್ದೇವೆ.